ನಮ್ಮೂರ ಡಾಕ್ಟರಮ್ಮನ ಎಚ್-ಇಂಡೆಕ್ಸ್ 27: ಬಿನ್ನವತ್ತಳೆಯಲ್ಲಿ ಏನಂತ ಬರೆಯಲಿ?

ಹೆಬ್ಬೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದವರು ಮುಂದಿನ ತಿಂಗಳು ಒಬ್ಬ ಡಾಕ್ಟರಮ್ಮನಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಸಾಂಕ್ರಾಮಿಕ ರೋಗಗಳ ಸಂಶೋಧಕಿ. ಪಕ್ಕದ ಊರಿನವರು. ಎಂಟರಿಂದ ಹತ್ತನೇ ಕ್ಲಾಸಿನವರೆಗೆ ನನ್ನ ಹತ್ತಿರವೇ ಗಣಿತ ಕಲಿತರು. ನನ್ನ ಬಾಯಿಗೆ ಈಗಲೂ 'ಅವಳು' ಅಂತಲೇ ಬರುತ್ತದೆ, ಇಲ್ಲಿ 'ಅವರು' ಅಂತ ಬರೆಯುತ್ತೇನೆ. ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಸಂಘದ ಒಬ್ಬ ಹುಡುಗ, ಸಂಶೋಧನಾ ಬರಹಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಅವರ ಪುಟ ತೆಗೆದು ಪ್ರಿಂಟ್ ಹಾಕಿಸಿಕೊಂಡು ಬಂದ. ಸೈಟೇಶನ್ 3,812, ಎಚ್-ಇಂಡೆಕ್ಸ್ 27, ಐ10-ಇಂಡೆಕ್ಸ್ 44 ಅಂತಿದೆ. ಅಲ್ಲಿಂದ ಶುರುವಾಯಿತು ಜಗಳ. ಪಕ್ಕದ ಹೋಬಳಿಯ ಇನ್ನೊಬ್ಬ ಡಾಕ್ಟರಿಗೆ ಎಚ್-ಇಂಡೆಕ್ಸ್ 58 ಇದೆಯಂತೆ, ಸನ್ಮಾನ ಅವರಿಗೆ ಆಗಬೇಕು ಅಂತ ಒಬ್ಬರು. ಫ್ಲೆಕ್ಸ್‌ನಲ್ಲಿ 'ವಿಶ್ವದ ಟಾಪ್ ಶೇ 2 ವಿಜ್ಞಾನಿ' ಅಂತ ಹಾಕಿಸೋಣ ಅಂತ ಇನ್ನೊಬ್ಬರು.

ಗಣಿತ ಪಾಠ ಮಾಡಿದವನು ನಾನು, ಅಂಕಿ ಕಂಡರೆ ಅದು ಏನನ್ನು ಅಳೆದದ್ದು ಅಂತ ತಿಳಿಯಲೇಬೇಕು. 58 ಅಂದರೆ 27ರ ಎರಡರಷ್ಟು ದೊಡ್ಡ ವಿಜ್ಞಾನಿ ಅಂತಾನಾ? ಶಾಮಿಯಾನದ ಕೆಳಗೆ ಕೂತ ಜನರಿಗೆ ಅರ್ಥ ಆಗುವ ಹಾಗೆ ಇದನ್ನು ಹೇಳುವುದು ಹೇಗೆ?

ಕೋಲಾರ ಲೈಬ್ರರಿ

ಮೇಷ್ಟ್ರೇ, ಇದು ನನ್ನ ದಿನದ ಕೆಲಸ. ಕಾಲೇಜು ಲೈಬ್ರರಿಯಲ್ಲಿ ಮೇಷ್ಟರುಗಳ ಸೈಟೇಶನ್ ಲೆಕ್ಕ ತೆಗೆದುಕೊಡುವುದು ನಾನೇ.

ಸೈಟೇಶನ್ ಅಂದರೆ ಉಲ್ಲೇಖ. ನಿಮ್ಮ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನ ಕೊನೆಯಲ್ಲಿ ಹೆಸರಿಸಿದರೆ ಒಂದು. ಎಚ್-ಇಂಡೆಕ್ಸ್ 2005ರಲ್ಲಿ ಜಾರ್ಜ್ ಹಿರ್ಷ್ ಅನ್ನೋ ಭೌತಶಾಸ್ತ್ರಜ್ಞ ಕೊಟ್ಟ ಲೆಕ್ಕ. ನಿಮಗೆ ಒಂದೇ ನಿಮಿಷದಲ್ಲಿ ಹಿಡಿಯುತ್ತದೆ. ಒಬ್ಬರ ಹತ್ತಿರ ಐದು ಪೇಪರ್ ಇವೆ, ಉಲ್ಲೇಖ ಆಗಿರುವುದು 40, 22, 9, 4, 1 ಸಲ. ನಮ್ಮ ಎಪಿಎಂಸಿಯಲ್ಲಿ ಟೊಮ್ಯಾಟೊ ಕ್ರೇಟ್ ಜೋಡಿಸುವ ಹಾಗೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡಿ. ಮೊದಲನೆಯದಕ್ಕೆ ಕಡೇಪಕ್ಷ 1 ಇದೆಯಾ? ಇದೆ. ಎರಡನೆಯದಕ್ಕೆ 2? ಇದೆ. ಮೂರನೆಯದಕ್ಕೆ 3? ಇದೆ. ನಾಲ್ಕನೆಯದಕ್ಕೆ 4? ಸರಿಯಾಗಿ ಇದೆ. ಐದನೆಯದಕ್ಕೆ 5 ಬೇಕು, ಇರುವುದು 1. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 4.

ನಿಮ್ಮ ಡಾಕ್ಟರಮ್ಮನಿಗೆ 27 ಅಂದರೆ, ಕಡೇಪಕ್ಷ 27 ಸಲ ಉಲ್ಲೇಖ ಆಗಿರುವ 27 ಪೇಪರ್ ಇವೆ. ಐ10 ಇನ್ನೂ ಸುಲಭ: 10 ಅಥವಾ ಅದಕ್ಕಿಂತ ಜಾಸ್ತಿ ಉಲ್ಲೇಖ ಇರುವ ಪೇಪರ್ ಎಷ್ಟು ಅಂತ. ಅದು ಗೂಗಲ್ ಸ್ಕಾಲರ್‌ನವರದೇ ಲೆಕ್ಕ.

ಚಿಂತಾಮಣಿ ಟೊಮ್ಯಾಟೊ

ಹಾಗಾದ್ರೆ ಆ ಮೊದಲ ಪೇಪರಿಗೆ 40ರ ಬದಲು 4,000 ಇದ್ದರೂ ಉತ್ತರ 4 ತಾನೇ?

ಕೋಲಾರ ಲೈಬ್ರರಿ

ಹೌದು, 4ನೇ. ಒಂದೇ ಒಂದು ದೊಡ್ಡ ಕೆಲಸ ಮಾಡಿದವರು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಮಾತು, ಎಚ್-ಇಂಡೆಕ್ಸ್ ಏರಬಹುದು, ನಿಲ್ಲಬಹುದು, ಇಳಿಯುವ ದಾರಿ ಇಲ್ಲ. ಹತ್ತು ವರ್ಷ ಏನೂ ಮಾಡದೆ ಕೂತರೂ ಹಾಗೇ ಇರುತ್ತದೆ.

ಮೈಕ್ರೋ ಮೇಡಂ

ತುಮಕೂರಿನಿಂದ. ಮೈಕ್ರೋಬಯಾಲಜಿ ಕಲಿಸುತ್ತೇನೆ.

27ನ್ನು 58ರ ಪಕ್ಕ ಇಟ್ಟು ತೂಗುವುದು ತಪ್ಪು ಮೇಷ್ಟ್ರೇ. ಮೊದಲು ಆ 58ರ ಪೇಪರ್‌ಗಳಲ್ಲಿ ಲೇಖಕರು ಎಷ್ಟು ಜನ ಇದ್ದಾರೆ ನೋಡಿ. 'ಜಾಗತಿಕ ರೋಗಭಾರ' ಅಂತ ಒಂದು ದೊಡ್ಡ ಅಧ್ಯಯನ ಇದೆ. ಅದರ ಪೇಪರ್‌ಗಳು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಬರುತ್ತವೆ, ಒಂದೊಂದಕ್ಕೆ ನೂರಾರು ಲೇಖಕರು. ಅಂಥ ಒಂದು ಪೇಪರಿಗೆ ಸಾವಿರಗಟ್ಟಲೆ ಉಲ್ಲೇಖ ಬೀಳುತ್ತವೆ, ಮತ್ತೆ ಅದು ಪಟ್ಟಿಯಲ್ಲಿರುವ ಎಲ್ಲರ ಖಾತೆಗೂ ಪೂರ್ತಿ ಜಮೆ ಆಗುತ್ತದೆ. ಹಂಚಿಕೊಳ್ಳುವ ಪದ್ಧತಿ ಇಲ್ಲ. ಹಾಗೆ ಹತ್ತಿಪ್ಪತ್ತು ಪೇಪರಿನಲ್ಲಿ ಹೆಸರಿದ್ದರೆ ಎಚ್-ಇಂಡೆಕ್ಸ್ ದಡದಡ ಏರುತ್ತದೆ.

ನಾಲ್ಕು ಜನ ಸೇರಿ, ಹಳ್ಳಿಗೆ ಹೋಗಿ, ರಕ್ತ ತೆಗೆದು, ಎರಡು ವರ್ಷ ದುಡಿದು ಬರೆದ ಪೇಪರಿಗೆ 30 ಬಿದ್ದರೆ ಅದೇ ದೊಡ್ಡದು.

ಪಾವಗಡ ಬಿಸಿಲು

ಮೇಡಂ, ಅಲ್ಲಿ ಸ್ವಲ್ಪ ನಿಲ್ಲಿ. ನೂರಾರು ಜನ ಸೇರಿ ಮಾಡಿದರೆ ಅದು ಕಡಿಮೆ ಕೆಲಸ ಆಗುತ್ತಾ? ಒಂದೊಂದು ದೇಶದ ಅಂಕಿಅಂಶ ತಂದುಕೊಡುವವರು, ತಪ್ಪು ಹುಡುಕುವವರು ಬೇಕೇ ಬೇಕು. ಆ 58ರವರು ಏನು ಮಾಡಿದ್ದಾರೆ ಅಂತ ನೋಡದೆ 'ಸುಮ್ನೆ ಹೆಸರು ಸೇರಿಸಿದ್ದಾರೆ' ಅನ್ನೋ ಅರ್ಥ ಬರುವ ಹಾಗೆ ಬರೆಯಬಾರದು. ನಮ್ಮ ಜಿಲ್ಲೆಯವರೇ ಅಲ್ವಾ ಅವರೂ?

ಮೈಕ್ರೋ ಮೇಡಂ

ಸರಿ, ಒಪ್ಪುತ್ತೇನೆ. ಅವರು ಏನೂ ಮಾಡಿಲ್ಲ ಅಂತ ನಾನು ಹೇಳಿಲ್ಲ, ಆದರೆ ಹಾಗೆ ಕೇಳಿಸಿದ್ದರೆ ತಪ್ಪು ನನ್ನದು. ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ತಕ್ಕಡಿ ಬೇಡ ಅನ್ನುವುದಷ್ಟೇ ನನ್ನ ಮಾತು.

ಶಿರಾ ಗೇಟ್

ಆ ಶೇ 2ರ ಪಟ್ಟಿ ಬಗ್ಗೆ ಹುಷಾರು. ಪ್ರತಿ ವರ್ಷ ದಿನಪತ್ರಿಕೆಯಲ್ಲಿ ಫೋಟೋ ಬರುತ್ತದೆ, 'ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಗೌರವ' ಅಂತ. ಅದು ಪ್ರಶಸ್ತಿ ಅಲ್ಲ. ಸ್ಟ್ಯಾನ್‌ಫೋರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಅವರ ಜೊತೆಯವರು ಸ್ಕೋಪಸ್ ಅನ್ನೋ ಸೈಟೇಶನ್ ಡೇಟಾಬೇಸ್‌ನ ದತ್ತಾಂಶ ಇಟ್ಟುಕೊಂಡು ತಯಾರಿಸುವ ಒಂದು ಪಟ್ಟಿ. 2019ರಲ್ಲಿ ಮೊದಲು ಬಂತು. ಅದರಲ್ಲಿ ಎರಡು ಭಾಗ: ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಫ್ಲೆಕ್ಸ್ ಹಾಕಿಸುವವರು ಯಾವ ಭಾಗ ಅಂತ ಹೇಳುವುದೇ ಇಲ್ಲ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟು ಲೆಕ್ಕ ಹಾಕಿದ ಕಾಲಮ್ಮೂ ಅದರಲ್ಲಿದೆ, ಅದನ್ನು ತಪ್ಪದೆ ನೋಡಿ.

ಪಟ್ಟಿ ಎಕ್ಸೆಲ್ ಫೈಲಾಗಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಡಾಕ್ಟರಮ್ಮನ ಹೆಸರು ಇದ್ದರೆ ಹಾಕಿ, ಇಲ್ಲದಿದ್ದರೆ ದಯವಿಟ್ಟು ಬೇಡ. ನಾಳೆ ಯಾರಾದರೂ ತೆಗೆದು ನೋಡಿದರೆ ಅವರಿಗೇ ಮುಜುಗರ.

ಹೆಬ್ಬೂರು ಮೇಷ್ಟ್ರು

ಈಗಷ್ಟೇ ಹುಡುಗನ ಕೈಲಿ ತೆಗೆಸಿ ನೋಡಿದೆ. ಹೆಸರು ಇಲ್ಲ. ಫ್ಲೆಕ್ಸ್‌ನವನಿಗೆ ಫೋನ್ ಮಾಡಿ ಆ ಸಾಲು ತೆಗೆಸಿದ್ದೇನೆ. ಒಳ್ಳೇ ಸಮಯಕ್ಕೆ ಹೇಳಿದಿರಿ.

ಕೋಲಾರ ಲೈಬ್ರರಿ

ಇಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ ಮೇಷ್ಟ್ರೇ. ಯಾವ ಹೆಸರಿನಲ್ಲಿ ಹುಡುಕಿದಿರಿ? ಇನಿಷಿಯಲ್ ತಿರುಗಿಸಿ ನೋಡಿದಿರಾ?

ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ನಮಗೆ ಮನೆತನದ ಹೆಸರು ಇರಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದೆ. ಜರ್ನಲ್‌ನವರು 'ಸರ್‌ನೇಮ್' ಕೇಳುತ್ತಾರೆ. 'ಮಂಜುಳ ಕೆ.ಆರ್.' ಅನ್ನೋರು ಒಂದು ಪೇಪರಿನಲ್ಲಿ 'ಮಂಜುಳ', ಇನ್ನೊಂದರಲ್ಲಿ 'ಕೆಆರ್ ಎಂ', ಮದುವೆ ಆದ ಮೇಲೆ ಗಂಡನ ಇನಿಷಿಯಲ್ ಬಂದು ಮೂರನೆಯದು. ಡೇಟಾಬೇಸ್‌ಗೆ ಅವರು ಮೂರು ಜನ. ಉಲ್ಲೇಖವೂ ಮೂರು ಪಾಲು. ನಮ್ಮ ಕಾಲೇಜಿನಲ್ಲಿ ಒಬ್ಬ ಮೇಡಂ ಅವರದು ಹೀಗೇ ಒಡೆದುಹೋಗಿತ್ತು. ಒಂದು ಶನಿವಾರ ಪೂರ್ತಿ ಕೂತು ಸೇರಿಸಿದೆವು, ಎಚ್-ಇಂಡೆಕ್ಸ್ 6 ಇದ್ದದ್ದು 9 ಆಯಿತು. ಆ ಮೂರು ಅವರು ದುಡಿದದ್ದೇ, ಹೆಸರಿನ ಗೋಜಲಿನಲ್ಲಿ ಕಳೆದುಹೋಗಿತ್ತು.

ಇದಕ್ಕೇ 2012ರಿಂದ ಆರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ ಇದೆ. ಪುಕ್ಕಟೆ. ಇಲ್ಲಿ ಓದುತ್ತಿರುವ ಪಿಜಿ ಮಕ್ಕಳು ಇವತ್ತೇ ಮಾಡಿಸಿಕೊಳ್ಳಿ.

ತಿಪಟೂರು ಕೊಬ್ಬರಿ

ಉಲ್ಲೇಖ ಜಾಸ್ತಿ ಅಂದ ಮಾತ್ರಕ್ಕೆ ಒಳ್ಳೇ ಪೇಪರ್ ಅಂತಲೂ ಅಲ್ಲ. ಬೈಯುವುದಕ್ಕೆ ಹೆಸರಿಸಿದರೂ ಎಣಿಕೆಗೆ ಸೇರುತ್ತದೆ.

ಕೋವಿಡ್ ಟೈಮಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಮಲೇರಿಯಾ ಔಷಧಿಯಿಂದ ಕೋವಿಡ್ ರೋಗಿಗಳಿಗೆ ಅಪಾಯ ಅಂತ 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಒಂದು ಪೇಪರ್. 671 ಆಸ್ಪತ್ರೆ, 96 ಸಾವಿರ ರೋಗಿಗಳ ದಾಖಲೆ ಅಂತ ಹೇಳಿದ್ದರು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪರೀಕ್ಷೆಯನ್ನೇ ಕೆಲವು ದಿನ ನಿಲ್ಲಿಸಿತ್ತು. ಆ ದಾಖಲೆ ಕೊಟ್ಟಿದ್ದ ಸರ್ಜಿಸ್ಫಿಯರ್ ಕಂಪನಿ ಮೂಲ ದತ್ತಾಂಶ ತೋರಿಸಲೇ ಇಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್. ಹದಿಮೂರೇ ದಿನ. ಅದಾದ ಮೇಲೂ ಜನ ಅದನ್ನು ಉಲ್ಲೇಖಿಸುತ್ತಲೇ ಇದ್ದಾರೆ.

ಅದೇ ಔಷಧಿ ಕೆಲಸ ಮಾಡುತ್ತದೆ ಅಂತ 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೇಲ್‌ನಿಂದ ಬಂದಿದ್ದ ಪೇಪರನ್ನು ಜರ್ನಲ್‌ನವರು ವಾಪಸ್ ತೆಗೆದುಕೊಂಡದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಸಾವಿರಾರು ಉಲ್ಲೇಖ ಆಗಿಹೋಗಿತ್ತು. ಅಂಕಿ ನೋಡಿದವರಿಗೆ ಅದು ಮಹಾ ಪೇಪರ್ ಅಂತಲೇ ಕಾಣುತ್ತದೆ.

ಗೌರಿಬಿದನೂರು ಎಕ್ಸ್‌ಪ್ರೆಸ್

ಸಾಂಕ್ರಾಮಿಕ ರೋಗದವರಿಗೆ 2020, 2021ರಲ್ಲಿ ಎಲ್ಲರಿಗೂ ಉಲ್ಲೇಖ ಜಾಸ್ತಿ ಬಂದಿದೆ. ಗೂಗಲ್ ಸ್ಕಾಲರ್‌ನಲ್ಲಿ ವರ್ಷವಾರು ಕಂಬಗಳ ಚಿತ್ರ ಇರುತ್ತದಲ್ಲ, ಅದನ್ನು ನೋಡಿ ಮೇಷ್ಟ್ರೇ. ಕೋವಿಡ್‌ಗೆ ಮುಂಚೆಯೂ ಕಂಬ ಇದ್ದರೆ ನಿಧಾನಕ್ಕೆ ಕಟ್ಟಿದ ಕೆಲಸ ಅಂತ ಅರ್ಥ.

ಹೆಬ್ಬೂರು ಮೇಷ್ಟ್ರು

ಇವೆ ಸರ್. 2009ರಿಂದಲೇ ಇವೆ. ಚಿಕ್ಕ ಚಿಕ್ಕ ಕಂಬ, ಪ್ರತಿ ವರ್ಷ ಒಂದಿಷ್ಟು ಎತ್ತರ.

ಮಧುಗಿರಿ ಪಿಜಿ

ಈ ವಿಷಯ ಬಂದದ್ದಕ್ಕೆ ನಾನೂ ಒಂದು ಹೇಳಬೇಕು. ಹೊಟ್ಟೆಯಲ್ಲಿ ಇಟ್ಟುಕೊಂಡು ವರ್ಷ ಆಯಿತು.

ಡೆಂಗಿ ಬಗ್ಗೆ ನನ್ನ ಥೀಸಿಸ್. ರಾತ್ರಿ ಡ್ಯೂಟಿ ಮುಗಿಸಿ ಬೆಳಗ್ಗೆ ವಾರ್ಡಿನಲ್ಲಿ ಪ್ಲೇಟ್‌ಲೆಟ್ ರಿಪೋರ್ಟ್ ಒಂದೊಂದೇ ಕೈಯಲ್ಲಿ ಬರೆದುಕೊಂಡಿದ್ದೇನೆ. ಪೇಪರ್ ಬಂದಾಗ ನನ್ನ ಹೆಸರು ನಾಲ್ಕನೆಯದು. ಮೊದಲ ಎರಡು ಹೆಸರಿನವರು ಒಂದು ದಿನವೂ ಆ ಫೈಲ್ ಬಿಡಿಸಿ ನೋಡಿದವರಲ್ಲ. ಬಡ್ತಿಗೆ ಪೇಪರ್ ಬೇಕಿತ್ತು, ಅಷ್ಟೇ. ಜರ್ನಲ್‌ಗೆ ಕಟ್ಟಿದ ದುಡ್ಡು ಮಾತ್ರ ನನ್ನದು. ಕಳಿಸಿದ ಮೂರನೇ ದಿನಕ್ಕೆ 'ಒಪ್ಪಿಗೆ' ಅಂತ ಮೇಲ್ ಬಂತು. ಒಂದು ತಿದ್ದುಪಡಿ ಕೂಡ ಕೇಳಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಈಗ ಆ ಜರ್ನಲ್‌ನ ವೆಬ್‌ಸೈಟೇ ಇಲ್ಲ. ನನ್ನ ಎರಡು ವರ್ಷದ ಕೆಲಸ ಎಲ್ಲೂ ಸಿಗಲ್ಲ.

ಮೈಕ್ರೋ ಮೇಡಂ

ಓದಿ ತುಂಬಾ ಬೇಜಾರಾಯಿತು ಕಣಮ್ಮ. ನಿನ್ನ ಹತ್ತಿರ ಆ ಮೂಲ ದಾಖಲೆ, ಎಥಿಕ್ಸ್ ಸಮಿತಿಯ ಪತ್ರ ಇಟ್ಟುಕೊಂಡಿದ್ದೀಯಾ? ಇದ್ದರೆ ಎಸೆಯಬೇಡ. ಒಮ್ಮೆ ಅಚ್ಚಾದದ್ದನ್ನೇ ಇನ್ನೊಂದು ಕಡೆ ಕಳಿಸುವ ಹಾಗಿಲ್ಲ. ಆದರೆ ಅದೇ ದಾಖಲೆ ಇಟ್ಟುಕೊಂಡು ಬೇರೆ ಪ್ರಶ್ನೆ ಕೇಳಿ ಹೊಸ ಪೇಪರ್ ಬರೆಯಬಹುದು, ಹಳೆಯದು ಏನಾಯಿತು ಅಂತ ಸಂಪಾದಕರಿಗೆ ಮೊದಲೇ ತಿಳಿಸಿ. ಮೆಸೇಜ್ ಮಾಡು, ಕೂತು ನೋಡೋಣ.

ಲೇಖಕರ ಹೆಸರಿನ ಸಾಲಿಗೆ ನಮ್ಮಲ್ಲಿ ಒಂದು ರೂಢಿ ಇದೆ ಮೇಷ್ಟ್ರೇ. ವೈದ್ಯಕೀಯ ಪೇಪರ್‌ಗಳಲ್ಲಿ ಮೊದಲ ಹೆಸರು ಹೆಚ್ಚು ದುಡಿದವರದು, ಕೊನೆಯ ಹೆಸರು ತಂಡವನ್ನು ನಡೆಸಿದವರದು. ನಿಮ್ಮ ಡಾಕ್ಟರಮ್ಮ ಎಷ್ಟು ಪೇಪರಿನಲ್ಲಿ ಮೊದಲು ಅಥವಾ ಕೊನೆಯಲ್ಲಿ ಇದ್ದಾರೆ ಅಂತ ಎಣಿಸಿ. ಎಚ್-ಇಂಡೆಕ್ಸ್ ಇದನ್ನು ಹೇಳುವುದಿಲ್ಲ.

ಶಿಡ್ಲಘಟ್ಟ ರೇಷ್ಮೆ

ನಮ್ಮ ಕಡೆಯ ಮಾತು ಒಂದು. 2023ರಲ್ಲಿ ತಲಕಾಯಲಬೆಟ್ಟದ ಹತ್ತಿರ ಹಿಡಿದ ಸೊಳ್ಳೆಯಲ್ಲಿ ಝಿಕಾ ವೈರಸ್ ಸಿಕ್ಕಿತು ಅಂತ ಎಷ್ಟು ಗದ್ದಲ ಆಯಿತು ನೋಡಿದಿರಲ್ಲ. ಮನೆ ಮನೆಗೆ ಬಂದರು, ಗರ್ಭಿಣಿಯರ ರಕ್ತ ತೆಗೆದರು, ತೊಟ್ಟಿ ಬಗ್ಗಿಸಿ ನೋಡಿದರು. ಟಿವಿಯವರು ಬೇರೆ. ಆಮೇಲೆ ಎಲ್ಲ ಹೊರಟುಹೋದರು. ಅದರ ಮೇಲೆ ಯಾರೋ ಪೇಪರ್ ಬರೆಯುತ್ತಾರೆ, ಅವರಿಗೆ ಸೈಟೇಶನ್ ಬರುತ್ತದೆ, ಸಂತೋಷ. ಹುಳು ಮನೆಯಲ್ಲಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರೆ ಅದಕ್ಕೆ ಯಾವ ಇಂಡೆಕ್ಸ್ ಇದೆ?

ಕೋಲಾರ ಲೈಬ್ರರಿ

ಯಾವುದೂ ಇಲ್ಲ ಅಣ್ಣ. ಇರಬೇಕಿತ್ತು.

ನಮ್ಮ ಜಿಲ್ಲೆಯದೂ ಹಾಗೇ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಮೆದುಳು ಜ್ವರ ಬಂದು ಮಕ್ಕಳು ಸತ್ತರು. ಆ ಕಾಲದವರು ಈಗಲೂ ಹೇಳುತ್ತಾರೆ. 1987ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ನಾಲ್ಕು ಪುಟದ ಒಂದು ಪೇಪರ್ ಬಂತು: ಕೋಲಾರ ಜಿಲ್ಲೆಯಲ್ಲಿ ಮೆದುಳು ಜ್ವರದಿಂದ ತೀರಿಕೊಂಡವರಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಮತ್ತು ವೆಸ್ಟ್ ನೈಲ್ ಎರಡೂ ವೈರಸ್ ಸಿಕ್ಕಿದವು ಅಂತ. ಭಾರತದ ವೆಸ್ಟ್ ನೈಲ್ ಬಗ್ಗೆ ಬರೆಯುವವರು ಇವತ್ತಿಗೂ ಅದನ್ನು ಹೆಸರಿಸುತ್ತಾರೆ. ನಮ್ಮ ಕಾಲೇಜಿನ ಹುಡುಗರಿಗೆ ತೋರಿಸಿದರೆ 'ಮೇಡಂ, ಕೋಲಾರನಾ?' ಅಂತ ಕಣ್ಣರಳಿಸುತ್ತಾರೆ.

ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರ್

ಮೇಷ್ಟ್ರೇ, ನೀವು ಕೇಳಿದ್ದಕ್ಕೆ ಉತ್ತರ ತುಮಕೂರು ಜಿಲ್ಲೆಯಲ್ಲೇ ಇದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅವರು ಮೊದಮೊದಲು ಕ್ಷಯದ ಸಮೀಕ್ಷೆ ಮಾಡಿದ್ದು ನಮ್ಮ ಜಿಲ್ಲೆಯಲ್ಲಿ. ಹಳ್ಳಿ ಹಳ್ಳಿಗೆ ಎಕ್ಸ್‌ರೇ ವ್ಯಾನ್ ಬಂತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನೋ ಇಬ್ಬರ ಅಧ್ಯಯನ. ಎಕ್ಸ್‌ರೇಯಲ್ಲಿ ಕಲೆ ಕಂಡವರನ್ನು ಮಾತಾಡಿಸಿ, 'ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ?' ಅಂತ ಕೇಳಿದರು. ಅಷ್ಟೇ ಪ್ರಶ್ನೆ.

ಆಗ ದೊಡ್ಡವರೆಲ್ಲ ಅಂದುಕೊಂಡಿದ್ದು ಹಳ್ಳಿ ಜನಕ್ಕೆ ಕಾಯಿಲೆಯ ಅರಿವಿಲ್ಲ, ತಾವಾಗಿ ಆಸ್ಪತ್ರೆಗೆ ಬರಲ್ಲ, ನಾವೇ ಹೋಗಿ ಹುಡುಕಬೇಕು ಅಂತ. ತುಮಕೂರಿನ ಜನ ಹೇಳಿದ್ದು ಬೇರೆ. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ. ತಪ್ಪು ಇದ್ದದ್ದು ಬಾಗಿಲಿನ ಒಳಗಡೆ.

1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಾಗ ಇದೇ ಅದರ ತಳಪಾಯ. ಕೆಮ್ಮು ಅಂತ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ನೋಡಿ, ಮನೆಯಲ್ಲೇ ಇದ್ದು ಔಷಧಿ ತಗೊಳ್ಳಲಿ ಅಂತ. ನಾನು ಕೆಲಸಕ್ಕೆ ಸೇರಿದಾಗ ಕಫದ ಡಬ್ಬಿಗಳನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಿದ್ದದ್ದು ಈ ಪೇಪರಿನಿಂದಾಗಿ ಅಂತ ನನಗೆ ಗೊತ್ತಾದದ್ದು ರಿಟೈರ್ ಆಗುವ ಹೊತ್ತಿಗೆ.

ಪೇಪರ್ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾದದ್ದು 1963ರಲ್ಲಿ. ಕಾರ್ಯಕ್ರಮ ಶುರುವಾದದ್ದು 1962. ಲೆಕ್ಕ ಹಾಕಿ ಮೇಷ್ಟ್ರೇ. ಅದು ಇಡೀ ದೇಶದಲ್ಲಿ ಕೆಲಸಕ್ಕೆ ಬಂದಾಗ ಅದರ ಸೈಟೇಶನ್ ಸೊನ್ನೆ.

ಚಿಂತಾಮಣಿ ಟೊಮ್ಯಾಟೊ

ಈ ಕೊನೆ ಸಾಲು ಎರಡು ಸಲ ಓದಿದೆ.

ಪಾವಗಡ ಬಿಸಿಲು

ಸರ್, ಗೂಗಲ್‌ನಲ್ಲಿ 'ತುಮಕೂರು ಕ್ಷಯ' ಅಂತ ಹಾಕಿದರೆ ಇದು ಬರುತ್ತಲೇ ಇಲ್ಲವಲ್ಲ.

ಕೋಲಾರ ಲೈಬ್ರರಿ

ಇಂಗ್ಲಿಷ್‌ನಲ್ಲಿ ಹಳೇ ಸ್ಪೆಲ್ಲಿಂಗ್ 'ತುಮ್ಕೂರ್' ಅಂತ ಹಾಕಿ. ಹೆಸರು ಬದಲಾದದ್ದು 2014ರಲ್ಲಿ. ಅದಕ್ಕೂ ಹಿಂದಿನ ಪೇಪರ್ ಎಲ್ಲ ಹಳೇ ಹೆಸರಿನಲ್ಲೇ ಇವೆ. ಬುಲೆಟಿನ್‌ನ ಹಳೇ ಸಂಚಿಕೆಗಳು ಪಬ್‌ಮೆಡ್ ಸೆಂಟ್ರಲ್ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಅದರ ಪಕ್ಕದಲ್ಲೇ ರಾಜ್ ನಾರಾಯಣ್ ಮತ್ತು ಸಂಗಡಿಗರ ಸಮೀಕ್ಷೆಯ ಪೇಪರೂ ಇದೆ, ಅದೂ 1963ರದೇ.

ಮೈಕ್ರೋ ಮೇಡಂ

ಇನ್ಸ್‌ಪೆಕ್ಟರ್ ಸರ್ ಹೇಳಿದ ಮೇಲೆ ಶಂಭುನಾಥ್ ಡೇ ಅವರನ್ನು ನೆನೆಯದೆ ಇರಲಾರೆ. ಕಾಲರಾ ಕ್ರಿಮಿ ಬಿಡುವ ವಿಷವೇ ಭೇದಿಗೆ ಕಾರಣ ಅಂತ ಕೋಲ್ಕತ್ತಾದಲ್ಲಿ ಮೊಲದ ಕರುಳಿನಲ್ಲಿ ತೋರಿಸಿದವರು. ಕ್ರಿಮಿಯನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿದ ದ್ರವವನ್ನು ಹಾಕಿದರೂ ಕರುಳು ಊದಿಕೊಂಡಿತು. 1959ರಲ್ಲಿ ನೇಚರ್ ಅನ್ನೋ ಜರ್ನಲ್‌ನಲ್ಲಿ ಬಂತು. ಶುರುವಿನಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. ದೇಶದೊಳಗೆ ದೊಡ್ಡ ಗೌರವ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು.

ಅವರು ತೀರಿಕೊಂಡ ಮರುವರ್ಷ ಅವರ ಬಗ್ಗೆ ದೊಡ್ಡ ಲೇಖನ ಬರೆದವರು ಯಾರು ಗೊತ್ತಾ? ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಶುರು ಮಾಡಿದವರು. ಈ ಸೈಟೇಶನ್ ಲೆಕ್ಕಕ್ಕೆ ದಾರಿ ಹಾಕಿಕೊಟ್ಟವರೇ ಅವರು. ಕಾಲರಾ ಸಂಶೋಧನೆಯಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಅಂತ ನಕ್ಷೆ ಹಾಕಿ ಡೇ ಅವರ ಜಾಗ ತೋರಿಸಿದರು. ಹಾಗಾಗಿ ಸೈಟೇಶನ್ ಎಣಿಸುವುದೇ ತಪ್ಪು ಅಂತ ನಾನು ಹೇಳಲ್ಲ. ಮರೆತವರನ್ನು ಹುಡುಕಿ ತರುವುದಕ್ಕೂ ಅದೇ ಬೇಕಾಯಿತು.

ಗೌರಿಬಿದನೂರು ಎಕ್ಸ್‌ಪ್ರೆಸ್

ಚೀನಾದ ತು ಯೂಯೂ ಅವರೂ ಇದ್ದಾರೆ. ಮಲೇರಿಯಾಗೆ ಆರ್ಟಿಮಿಸಿನಿನ್. 1977ರಲ್ಲಿ ಬಂದ ಪೇಪರಿನಲ್ಲಿ ವ್ಯಕ್ತಿಗಳ ಹೆಸರೇ ಇರಲಿಲ್ಲ, ತಂಡದ ಹೆಸರು ಮಾತ್ರ. 2015ರಲ್ಲಿ ನೊಬೆಲ್ ಬಂತು.

ಶಿರಾ ಗೇಟ್

ಎಲ್ಲ ಸರಿ, ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಉಲ್ಲೇಖ ಕಡಿಮೆ ಇದ್ದವರೆಲ್ಲ ಡೇ ಅಲ್ಲ. 'ನಮ್ಮದು ಜನಪರ ಕೆಲಸ, ಅದಕ್ಕೇ ಸೈಟೇಶನ್ ಇಲ್ಲ' ಅಂತ ಹೇಳಿಕೊಂಡು ಇಪ್ಪತ್ತು ವರ್ಷ ಏನೂ ಮಾಡದವರನ್ನೂ ನೋಡಿದ್ದೇನೆ. 27 ಅಂಕಿಗೂ ಮರ್ಯಾದೆ ಕೊಡಿ. ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿ ಅಲ್ಲಿಗೆ ಹೋಗುವುದು ಸಣ್ಣ ಮಾತಲ್ಲ. ಅದನ್ನೂ ಬರೆಯಿರಿ.

ಹೆಬ್ಬೂರು ಮೇಷ್ಟ್ರು

ಎರಡು ದಿನ ಈ ಕಡೆ ಬರಲು ಆಗಲಿಲ್ಲ. ನಿಮ್ಮೆಲ್ಲರ ಮಾತು ಓದಿ, ನಿನ್ನೆ ರಾತ್ರಿ ಡಾಕ್ಟರಮ್ಮನಿಗೇ ಫೋನ್ ಮಾಡಿದೆ. 'ಅಷ್ಟು ಪೇಪರ್ ಬರೆದಿದ್ದೀಯಲ್ಲಮ್ಮ, ನಿನಗೆ ಯಾವುದು ಇಷ್ಟ?' ಅಂತ ಕೇಳಿದೆ. ಜಾಸ್ತಿ ಉಲ್ಲೇಖ ಇರುವ ಪೇಪರ್ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಸ್ಕ್ರಬ್ ಟೈಫಸ್ ಬಗ್ಗೆ ಬರೆದ ಚಿಕ್ಕದೊಂದು ಪೇಪರ್. ನಮ್ಮ ಸುತ್ತಮುತ್ತಲ ಹಳ್ಳಿಯ ರೋಗಿಗಳ ಮೇಲೆ ಮಾಡಿದ್ದು. ಪ್ರಿಂಟ್ ತೆಗೆದು ನೋಡಿದೆ, ಅದಕ್ಕೆ 14 ಉಲ್ಲೇಖ. ಅವರ 27ರ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ!

ಪೊದೆ, ಹುಲ್ಲಿನಲ್ಲಿ ಇರುವ ನುಸಿಯ ಮರಿ ಕಚ್ಚಿ ಬರುವ ಜ್ವರ ಅದು. ಹಲವರಿಗೆ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ, ಬೀಡಿಯಲ್ಲಿ ಸುಟ್ಟ ಹಾಗೆ. ನೋಯಲ್ಲ, ತುರಿಸಲ್ಲ. ಕಂಕುಳಲ್ಲೋ ತೊಡೆಸಂದಿಯಲ್ಲೋ ಇರುವುದರಿಂದ ರೋಗಿಗೂ ಗೊತ್ತಾಗಲ್ಲ, ಬಟ್ಟೆ ಸರಿಸಿ ನೋಡದ ಡಾಕ್ಟರಿಗೂ ಗೊತ್ತಾಗಲ್ಲ. ಗೊತ್ತಾದರೆ ಡಾಕ್ಸಿಸೈಕ್ಲಿನ್ ಅನ್ನೋ ಕಡಿಮೆ ಬೆಲೆಯ ಮಾತ್ರೆ ಸಾಕು. ಗೊತ್ತಾಗದಿದ್ದರೆ ಪ್ರಾಣಕ್ಕೇ ಬರಬಹುದು. ಆ ಪೇಪರ್ ಬರೆದ ಮೇಲೆ ಸುತ್ತಲಿನ ತಾಲ್ಲೂಕು ಆಸ್ಪತ್ರೆಗಳಿಗೆ ತಾವೇ ಹೋಗಿ ಡಾಕ್ಟರುಗಳಿಗೆ, ನರ್ಸುಗಳಿಗೆ ಆ ಹಕ್ಕಳೆಯ ಫೋಟೋ ತೋರಿಸಿ ಬಂದರಂತೆ.

ಇದನ್ನು ಕೇಳುವಾಗ ನನ್ನ ಕೈ ನಡುಗಿತು. ಮೂರು ವರ್ಷದ ಹಿಂದೆ, ದೀಪಾವಳಿ ಆದ ಮೇಲೆ, ನನ್ನ ತಮ್ಮನ ಮಗನಿಗೆ ಒಂಬತ್ತು ದಿನ ಜ್ವರ. ಟೈಫಾಯಿಡ್ ಅಂದರು, ಡೆಂಗಿ ಅಂದರು, ಮಾತ್ರೆ ಬದಲಾಯಿಸಿದರು. ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ನರ್ಸಮ್ಮ 'ಅಂಗಿ ಬಿಚ್ಚಪ್ಪ, ಕೈ ಎತ್ತು' ಅಂದಳು. ಕಂಕುಳಲ್ಲಿ ಕಪ್ಪು ಹಕ್ಕಳೆ. ಡಾಕ್ಟರನ್ನು ಕೂಗಿದಳು. ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಆ ನರ್ಸಮ್ಮನಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರು ಅಂತ ನನಗೆ ಗೊತ್ತಾದದ್ದು ನಿನ್ನೆ ರಾತ್ರಿ.

ಬಿನ್ನವತ್ತಳೆಯಲ್ಲಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

'ನಿಮ್ಮ ಬರಹಗಳನ್ನು ದೇಶವಿದೇಶದ ಸಂಶೋಧಕರು 3,812 ಸಲ ತಮ್ಮ ಬರಹಗಳಲ್ಲಿ ಹೆಸರಿಸಿದ್ದಾರೆ. ಅದು ನಮಗೆ ಹೆಮ್ಮೆ. ಜ್ವರ ಅಂತ ಬಂದವರ ಅಂಗಿ ಸರಿಸಿ ಕಂಕುಳು ನೋಡಬೇಕು ಅಂತ ನೀವು ನಮ್ಮ ಆಸ್ಪತ್ರೆಗಳಿಗೆ ಕಲಿಸಿದಿರಿ. ನಮ್ಮ ಮಕ್ಕಳು ಮನೆಗೆ ಬಂದರು.'

ಮೈಕ್ರೋ ಮೇಡಂ

ಏನೂ ತಿದ್ದಬೇಡಿ.

ಕೋಲಾರ ಲೈಬ್ರರಿ

ಒಂದೇ ಒಂದು. 3,812ರ ಪಕ್ಕ 'ಗೂಗಲ್ ಸ್ಕಾಲರ್ ಪ್ರಕಾರ' ಅಂತ ಹಾಕಿ, ತಿಂಗಳು ಮತ್ತು ವರ್ಷವನ್ನೂ ಬರೆಯಿರಿ. ಸ್ಕೋಪಸ್‌ನಲ್ಲಿ ನೋಡಿದರೆ ಕಡಿಮೆ ಇರುತ್ತದೆ, ಮತ್ತೆ ಅದೇ ಜಗಳ ಬೇಡ.

ಹೆಬ್ಬೂರು ಮೇಷ್ಟ್ರು

ಹಾಕಿದೆ. 58ರ ಡಾಕ್ಟರನ್ನೂ ಮುಖ್ಯ ಅತಿಥಿಯಾಗಿ ಕರೆಯೋಣ ಅಂತ ಸಂಘದಲ್ಲಿ ಹೇಳಿದೆ, ಒಪ್ಪಿದ್ದಾರೆ. ಅವರೂ ಫೋನಿನಲ್ಲಿ ಖುಷಿಯಿಂದಲೇ ಒಪ್ಪಿಕೊಂಡರು.

ತುರುವೇಕೆರೆ ಅಮ್ಮು

ಇನ್ಸ್‌ಪೆಕ್ಟರ್ ಸರ್, ನೀವು ಬರೆದದ್ದನ್ನು ನಮ್ಮ ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಈಗ ಎಂಬತ್ತೆರಡು. ಮದುವೆಯಾಗಿ ಬಂದ ಹೊಸದರಲ್ಲಿ ಊರಿಗೆ ಒಂದು ವ್ಯಾನ್ ಬಂದಿತ್ತಂತೆ, ಭರ್ ಅಂತ ಸದ್ದು ಮಾಡೋ ಮಿಷನ್ ಜೊತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ 'ಎದೆ ಫೋಟೋ' ತೆಗೆದರಂತೆ. ಅಜ್ಜಿಗೆ 'ತಾಳಿ ಬೆನ್ನ ಮೇಲೆ ಹಾಕಿಕೊಳ್ಳಮ್ಮ' ಅಂದರಂತೆ, ಅವರ ಅತ್ತೆ ಅದಕ್ಕೆ ಒಪ್ಪದೆ ದೊಡ್ಡ ರಂಪ ಮಾಡಿದರಂತೆ. ಆಮೇಲೆ ಒಬ್ಬರು ಜಗುಲಿ ಮೇಲೆ ಕೂತು ಮಾವನನ್ನು ಬಹಳ ಹೊತ್ತು ಏನೇನೋ ಕೇಳಿ ಬರೆದುಕೊಂಡು ಹೋದರಂತೆ. ಮಾವನಿಗೆ ಕೆಮ್ಮಿತ್ತು.

ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರ್

ಅಮ್ಮು, ಅಜ್ಜಿ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಮ್ಮ. ಇವತ್ತೇ. ಯಾವ ಊರು, ಮಾವನ ಕೆಮ್ಮಿಗೆ ಆಮೇಲೆ ಏನು ಮಾಡಿದರು, ಎಲ್ಲ ಕೇಳು. ನಾನು ಭಾನುವಾರ ತುರುವೇಕೆರೆ ಕಡೆ ಬರುತ್ತೇನೆ, ಅಜ್ಜಿಗೆ ಆಗುತ್ತೆ ಅಂದರೆ ಮನೆಗೇ ಬಂದು ಮಾತಾಡಿಸುತ್ತೇನೆ.

ತುರುವೇಕೆರೆ ಅಮ್ಮು

ಬನ್ನಿ ಸರ್. ಹನ್ನೊಂದು ಗಂಟೆ ಮೇಲೆ ಬನ್ನಿ, ಅಷ್ಟೊತ್ತಿಗೆ ಅಜ್ಜಿಯ ಪೂಜೆ ಮುಗಿದಿರುತ್ತದೆ.